ಮನೆ ತುಂಬ ಎಂಜಿನಿಯರುಗಳು

ಅಮೆರಿಕದಲ್ಲಿ ಕನ್ನಡಿಗರ ಮನೆಯ ಕಂಪ್ಯೂಟರ್ ಕೆಟ್ಟರೆ ಅದನ್ನು ಅಂಗಡಿಗೆ ಒಯ್ಯುವಂತಿಲ್ಲ. ಮರ್ಯಾದೆಯ ಪ್ರಶ್ನೆ. ಗಂಡ ಸಾಫ್ಟ್‌ವೇರು, ಮೈದುನ ಸಾಫ್ಟ್‌ವೇರು, ಭಾವ ಸಾಫ್ಟ್‌ವೇರು, ಎದುರುಮನೆಯ ತೆಲುಗರೂ ಸಾಫ್ಟ್‌ವೇರು. ಇಷ್ಟು ಜನರನ್ನು ಇಟ್ಟುಕೊಂಡು ಡಬ್ಬ ಹೊತ್ತು ಕೌಂಟರಿನ ಮುಂದೆ ನಿಂತರೆ ನೋಡಿದವರು ಏನೆಂದಾರು? ಹಾಗಾಗಿ ಎಡಿಸನ್ ಊರಿನ ನಮ್ಮ ಮನೆಯ ಡೆಸ್ಕ್‌ಟಾಪ್ ದೀಪಾವಳಿ ದಾಟಿ ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬರುವವರೆಗೂ ಮನೆಯವರ ಕೈಯಲ್ಲೇ ನರಳಿತು.

ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತವೆ ಎಂಬುದು ಬಹಳ ಮುಂಚೆಯೇ ಗೊತ್ತಿದ್ದ ಸಂಗತಿ. ಗೊತ್ತಿದ್ದ ಸಂಗತಿಗಳನ್ನೆಲ್ಲ ಕೊನೆಯ ವಾರಕ್ಕೆ ಇಟ್ಟುಕೊಳ್ಳುವುದು ನಮ್ಮ ಯಜಮಾನರ ಪದ್ಧತಿ. ನಮ್ಮದು 2018ರ ಯಂತ್ರ, ಇಂಟೆಲ್‌ನ 8ನೇ ತಲೆಮಾರು. ವಿಂಡೋಸ್ 11ಕ್ಕೆ ಇಷ್ಟು ಸಾಕು. ಅದರ ಅರ್ಹತೆಯ ಪಟ್ಟಿ ಓದಿದಾಗ ನನಗೆ ನಮ್ಮ ಕಡೆ ಸಂಬಂಧ ಕುದುರಿಸುವುದೇ ನೆನಪಾಯಿತು. ಪ್ರೊಸೆಸರ್ ಯಾವ ವಂಶ, ರ‍್ಯಾಮ್ 4 ಜಿಬಿ ಇದೆಯೇ, ಜಾಗ 64 ಜಿಬಿ ಇದೆಯೇ, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಡಿಸ್ಕಿಗೆ ಒಳಗೊಳಗೇ ಏನಾದರೂ ಕಾಯಿಲೆಯೇ ಎಂದು ಮಾತ್ರ ಕೇಳುವುದಿಲ್ಲ.

ಅಪ್‌ಗ್ರೇಡ್ ಆಯಿತು. ಯಂತ್ರ ಹ್ಯಾಂಗ್ ಆಗುತ್ತಿದೆ ಎಂಬುದು ಮೊದಮೊದಲು ಯಾರಿಗೂ ತಿಳಿಯಲೇ ಇಲ್ಲ. ಅದಕ್ಕೆ ಕಾರಣ ಕನ್ನಡ ಧಾರಾವಾಹಿ. ಊರಿಂದ ಬಂದಿದ್ದ ನಮ್ಮತ್ತೆ ರಾತ್ರಿ ಊಟಕ್ಕೆ ಮುಂಚೆ ಅದಕ್ಕಾಗಿ ಈ ಯಂತ್ರದ ಮುಂದೆ ಕೂರುವುದು ವಾಡಿಕೆ. ಪರದೆಯ ಮೇಲಿನ ಸೊಸೆಯ ಕೈಯಿಂದ ಕುಂಕುಮದ ಬಟ್ಟಲು ಜಾರಿತು; ಪರದೆಯ ಮೇಲಿನ ಅತ್ತೆ ಬೆಚ್ಚಿದರು; ಕ್ಯಾಮೆರಾ ಅವರ ಮುಖದ ಮೇಲೆ ನಿಂತಿತು. ನಿಂತೇ ಇತ್ತು. ನಮ್ಮತ್ತೆ ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಮುಗಿಸಿದರೂ ಆ ಮುಖ ಕದಲಲಿಲ್ಲ. "ಪಾಪ, ಎಷ್ಟು ದೊಡ್ಡ ಆಘಾತ ಕಣೇ ಅವಳಿಗೆ" ಎಂದರು. ಎಷ್ಟು ಹೊತ್ತಾದರೂ ಜಾಹೀರಾತೂ ಬರದಿದ್ದಾಗಲೇ ಅವರಿಗೆ ಅನುಮಾನ ಹುಟ್ಟಿದ್ದು.

ಮೌಸಿನ ಬಾಣ ಮಾತ್ರ ಓಡಾಡುತ್ತದೆ, ಎಲ್ಲಿ ಒತ್ತಿದರೂ ಉತ್ತರವಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದಂತೆ ಎಲ್ಲ ಸರಿ. ಇದಿಷ್ಟನ್ನು ಯಜಮಾನರು ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಲ್ಲಿಗೆ ರಿಪೇರಿ ನಮ್ಮ ಕೈತಪ್ಪಿತು.

ಮೈಸೂರಿನ ಭಾವ ಸಾಫ್ಟ್‌ವೇರಿನಲ್ಲಿ ಮ್ಯಾನೇಜರ್ ಆದವರು, ಅವರದು ಒಂದೇ ಪ್ರಶ್ನೆ, "ರಿಸ್ಟಾರ್ಟ್ ಮಾಡಿದ್ಯೇನಮ್ಮ?" ಡಲ್ಲಾಸಿನ ಮೈದುನ ಗ್ರಾಫಿಕ್ಸ್ ಡ್ರೈವರ್ ಎಂದ. ಅವನ ಹೆಂಡತಿ ವೈರಸ್ ಎಂದಳು. ಅವರಿಬ್ಬರೂ ಬೇರೆ ವಿಷಯಗಳಲ್ಲೂ ಒಂದೇ ಮಾತು ಹೇಳಿದ್ದನ್ನು ನಾನು ಕಂಡಿಲ್ಲ. ಯಜಮಾನರು ಡೇಟಾಬೇಸಿನವರು, "ಇದು ಹಾರ್ಡ್‌ವೇರು, ನನ್ನ ಏರಿಯಾ ಅಲ್ಲ" ಎಂದು ಕೈತೊಳೆದುಕೊಂಡರು. ಆಯುಧಪೂಜೆಯಲ್ಲಿ ಡಬ್ಬಕ್ಕೆ ಹಚ್ಚಿದ ಕುಂಕುಮ ಫ್ಯಾನಿನೊಳಗೆ ಹೋಗಿರಬಹುದೆಂದು ಯಾರೋ ಬರೆದರು. ಅತ್ತೆ ಆ ದಿನವಿಡೀ ಗ್ರೂಪಿನಲ್ಲಿ ಯಾರಿಗೂ ಗುಡ್ ಮಾರ್ನಿಂಗ್ ಕಳಿಸಲಿಲ್ಲ. ಮಗನದು ಎಲ್ಲ ರೋಗಕ್ಕೂ ಒಂದೇ ಮದ್ದು: ಹೊಸದು ತರೋಣ, ಗೇಮಿಂಗಿನದು.

ಕೆಟ್ಟ ಯಂತ್ರ ಪರೀಕ್ಷಿಸುವವರಿಗೆ ಒಂದು ನಿಯಮ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಫಲ ನೋಡಬೇಕು, ಆಮೇಲೆ ಮುಂದಿನದು. ಆಫೀಸಿನಲ್ಲಿ ಇವರೆಲ್ಲ ಈ ನಿಯಮವನ್ನು ಕಿರಿಯರಿಗೆ ಬೋಧಿಸುವವರೇ. ಕೂಡುಕುಟುಂಬದಲ್ಲಿ ಇದು ನಡೆಯುವುದಿಲ್ಲ. ಒಬ್ಬರ ಸಲಹೆ ಪಾಲಿಸಿ ಇನ್ನೊಬ್ಬರದು ಬಿಟ್ಟರೆ ಮುಂದಿನ ಗೃಹಪ್ರವೇಶದಲ್ಲಿ ಮಾತು ಕೇಳಬೇಕಾಗುತ್ತದೆ. ಭಾವ ದೂರದಿಂದಲೇ ಯಂತ್ರ ನಡೆಸುವ ಕ್ವಿಕ್ ಅಸಿಸ್ಟ್ ಮೂಲಕ ಮೈಸೂರಿನಿಂದಲೇ ಒಳಗೆ ಬಂದು ಒಂದು ಆಂಟಿವೈರಸ್ ಹಾಕಿದರು. ಮೈದುನ ಡಲ್ಲಾಸಿನಿಂದ ಬಂದು ಇನ್ನೊಂದು ಹಾಕಿದ. ಎರಡೂ ಒಂದೇ ಫೈಲನ್ನು ಹಿಡಿದು ಎಳೆದಾಡಿದವು. ಡ್ರೈವರ್ ಹೊಸದಾಯಿತು, ಮತ್ತೆ ಹಳೆಯದಾಯಿತು. ಯಾವುದರಿಂದ ಏನಾಯಿತೆಂದು ಬ್ರಹ್ಮನೂ ಹೇಳಲಾರ.

ಭಾವ ಬರುತ್ತಿದ್ದುದು ಅಲ್ಲಿನ ಬೆಳಗಿನ 7ಕ್ಕೆ, ಅಂದರೆ ನಮ್ಮ ರಾತ್ರಿ 9.30ಕ್ಕೆ. ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಅವರ 7 ಗಂಟೆ ನಮಗೆ 8.30 ಆಯಿತು, ಅದು ಧಾರಾವಾಹಿಯ ಹೊತ್ತು. ಬಾಣ ತಾನಾಗಿ ಚಲಿಸಿ ನಾಯಕಿಯ ಮುಖವನ್ನು ಮುಚ್ಚಿಬಿಟ್ಟಿತು. ಅತ್ತೆ ಪರದೆಗೆ ಬಾಯಿ ಹತ್ತಿರ ತಂದು, "ತಿಂಡಿ ಆಯ್ತೇನಪ್ಪಾ?" ಎಂದರು.

ಅಪ್‌ಗ್ರೇಡ್ ಬೇಡವಾದರೆ ಹಳೆಯದಕ್ಕೆ ಮರಳಲು ವಿಂಡೋಸ್ ಹತ್ತು ದಿನದ ಅವಕಾಶ ಕೊಡುತ್ತದೆ. ಆಮೇಲೆ ಹಳೆಯ ಫೈಲುಗಳನ್ನು ತಾನೇ ಅಳಿಸುತ್ತದೆ. ನಮ್ಮ ಗ್ರೂಪು ಒಮ್ಮತಕ್ಕೆ ಬಂದು "ಸರಿ, ಹಳೆಯದಕ್ಕೇ ಹೋಗಿ" ಎಂದಾಗ ಆ ಬಟನ್ ಕಾಣೆಯಾಗಿತ್ತು. ಹತ್ತು ದಿನದಲ್ಲಿ ಒಮ್ಮತವೆಂದರೆ ನಮ್ಮವರನ್ನು ಬಲ್ಲ ಯಾರೂ ಇಡುವ ಗಡುವಲ್ಲ ಅದು.

ನಾನು ಲೆಕ್ಕಪತ್ರದ ಕೆಲಸದವಳು. ಯಾರ ಮಾತಿಗಿಂತಲೂ ಖಾತೆ ಪುಸ್ತಕವನ್ನು ನಂಬುವ ಜಾತಿ. ವಿಂಡೋಸಿನೊಳಗೆ ಈವೆಂಟ್ ವ್ಯೂವರ್ ಎಂಬ ಖಾತೆ ಇದೆ; ಯಾವ ಗಳಿಗೆಯಲ್ಲಿ ಏನು ಕೆಟ್ಟಿತೆಂದು ಅಲ್ಲಿ ಬರೆದಿರುತ್ತದೆ. ಒಂದು ರಾತ್ರಿ ಮನೆಯ ಎಂಜಿನಿಯರುಗಳೆಲ್ಲ ಮಲಗಿದ ಮೇಲೆ ತೆರೆದೆ. ಮುಖ ನಿಂತಿದ್ದ ಹೊತ್ತಿಗೆಲ್ಲ ಸಾಲಾಗಿ ಒಂದೇ ನಮೂದು: ಡಿಸ್ಕ್, ಈವೆಂಟ್ 7, ಬ್ಯಾಡ್ ಬ್ಲಾಕ್. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಅದು. ಅಲ್ಲಲ್ಲಿ ಜಾಗ ಹಾಳಾಗಿತ್ತು. ಅಲ್ಲಿ ಓದಲಾಗದಿದ್ದರೆ ಡಿಸ್ಕ್ ಬಿಡದೆ ಮತ್ತೆ ಮತ್ತೆ ಯತ್ನಿಸುತ್ತದೆ, ಅಲ್ಲಿಯವರೆಗೆ ಮಿಕ್ಕವೆಲ್ಲ ಕಾಯುತ್ತ ನಿಲ್ಲುತ್ತವೆ. ಅಪ್‌ಗ್ರೇಡ್ ಎಂದರೆ ಎಷ್ಟೋ ಜಿಬಿ ಹೊಸದಾಗಿ ಬರೆಯಬೇಕು, ವರ್ಷಗಟ್ಟಲೆ ಮುಟ್ಟದ ಮೂಲೆಗೂ ಹೋಗಬೇಕು. ಆಮೇಲೆ ಹುಡುಕಾಟದ ಸೂಚಿಯನ್ನೂ ಕಟ್ಟಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ತೋರಿಸುತ್ತಿದ್ದುದನ್ನು ಇವರೆಲ್ಲ ನೋಡಿದ್ದರು, ಪೂರ್ತಿ ಅಂಕ ಬಂದಿದೆ ಎಂಬಂತೆ. ಹೊಸ ವಿಂಡೋಸಿನ ತಪ್ಪೇನೂ ಇರಲಿಲ್ಲ, ಕುಂಕುಮದ್ದಂತೂ ಇರಲೇ ಇಲ್ಲ.

ಬೇಕಾದದ್ದು ಹಳೆಯ ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ, ನಾಲ್ಕು ತಿರುಪು, ಹೊಸ ಇನ್‌ಸ್ಟಾಲ್. ಈಗ ಅತ್ತೆಗೆ ಒಂದೇ ಕೊರತೆ, ಮುಖಗಳು ಬೇಗ ಬೇಗ ಮುಗಿಯುತ್ತವೆ. ಹಳೆಯ ಡಿಸ್ಕಿನಿಂದ ಮಗನ ನಾಮಕರಣದ ಒಂದಿಷ್ಟು ಫೋಟೋ ಬರಲೇ ಇಲ್ಲ. ಪಂಕ್ತಿಯಲ್ಲಿ ಬಾಳೆಯೆಲೆಗೆ ಬಾಗಿದ ಬಕ್ಕತಲೆಗಳವೆಲ್ಲ ಭದ್ರವಾಗಿ ಬಂದವು. ಗ್ರೂಪಿಗೆ ವಿಷಯ ತಿಳಿಸಿದೆ. "ನಾನು ಮೊದಲೇ ಹೇಳಿದ್ದೆ" ಎಂದು ಎಲ್ಲರೂ ಬರೆದರು, ವೈರಸ್ ಎಂದವಳೂ ಸೇರಿ.

ನಿಮ್ಮ ಮನೆಯಲ್ಲೂ ಹಳೆಯ ಡಿಸ್ಕಿನ ಯಂತ್ರವಿದ್ದರೆ ಅಪ್‌ಗ್ರೇಡಿಗೆ ಮುಂಚೆ ಫೋಟೋಗಳನ್ನು ಇನ್ನೊಂದು ಕಡೆ ಇಟ್ಟುಕೊಳ್ಳಿ, ಡಿಸ್ಕನ್ನು ಒಮ್ಮೆ ಪರೀಕ್ಷಿಸಿ. ಗ್ರೂಪಿಗೆ ತಿಳಿಸುವುದು ಮಾತ್ರ ಎಲ್ಲ ಸರಿಹೋದ ಮೇಲೆ ಇರಲಿ.