ಪಟ್ಟಿ ಅಂಕಲ್

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ, ಜಯನಗರವಿರಲಿ ಮಲ್ಲೇಶ್ವರವಿರಲಿ, ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ಅರವತ್ತು ದಾಟಿದೆ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರು. ಬೆಳಿಗ್ಗೆ ವಿಷ್ಣು ಸಹಸ್ರನಾಮ ತಪ್ಪುವುದಿಲ್ಲ, ಸಂಜೆ ‘ಯೆಸ್’ ತಪ್ಪುವುದಿಲ್ಲ. ಯೆಸ್ ಎಂದರೆ 1968ರಲ್ಲಿ ಲಂಡನ್ನಿನಲ್ಲಿ ಗಾಯಕ ಜಾನ್ ಆಂಡರ್ಸನ್, ಬೇಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಮುಂದೆ ನಿಂತು ಕಟ್ಟಿದ ಪ್ರೊಗ್ರೆಸಿವ್ ರಾಕ್ ತಂಡ. ಅದರ ಆಲ್ಬಂಗಳನ್ನು ಯೋಗ್ಯತಾನುಸಾರ ಸಾಲಾಗಿ ನಿಲ್ಲಿಸುವುದು, ಮುಂದಿನ ವಾರ ಆ ಸಾಲು ಕೆಡಿಸಿ ಮತ್ತೆ ನಿಲ್ಲಿಸುವುದು, ಇದೀಗ ಅವರ ಉದ್ಯೋಗ. ಬೀದಿಯ ಹುಡುಗರು ಇಟ್ಟ ಹೆಸರು ಪಟ್ಟಿ ಅಂಕಲ್.

“ಹೇಗಿದ್ದೀರಿ ಅಂಕಲ್?” ಎಂದು ಕೇಳಿದರೆ ಬಿ.ಪಿ., ಶುಗರ್ ಸುದ್ದಿ ಬರುವುದಿಲ್ಲ. “ಫ್ರಜೈಲ್ ಮೂರಕ್ಕೆ ಇಳೀತು ಕಣಪ್ಪಾ” ಎನ್ನುತ್ತಾರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನುವ ದನಿಯಲ್ಲಿ.

ಪಟ್ಟಿಗಿಂತ ಮೊದಲು ಪಟ್ಟಿಯ ನಿಯಮಾವಳಿ ಇದೆ. ಕಛೇರಿಯಲ್ಲಿ ಧ್ವನಿಮುದ್ರಿಸಿದ ಆಲ್ಬಂಗಳಿಗೆ ಪ್ರವೇಶವಿಲ್ಲ. ಮೂರು ಎಲ್‌ಪಿಗಳ ‘ಯೆಸ್‌ಸಾಂಗ್ಸ್’ ಅವರಿಗೆ ಪಂಚಪ್ರಾಣವಾದರೂ ನಿಯಮವೆಂದರೆ ನಿಯಮ, ಅದು ಹೊರಗೇ ನಿಲ್ಲಬೇಕು. ಹಾಗಾದರೆ ಸ್ಟುಡಿಯೋ ಆಲ್ಬಂಗಳು ಎಷ್ಟು? 2023ರವರೆಗಿನದು 23 ಎಂಬುದು ಸಾಮಾನ್ಯ ಲೆಕ್ಕ. ಆದರೆ ಅದರೊಳಗೆ ‘ಕೀಸ್ ಟು ಅಸೆನ್ಷನ್’ ಎಂಬ ಜೋಡಿ ಸೇರಿಕೊಂಡಿದೆ. ಅವು ಅರ್ಧ ಕಛೇರಿ, ಅರ್ಧ ಸ್ಟುಡಿಯೋ. ಸೇರಿಸಿದರೆ ಶಾಸ್ತ್ರಭಂಗ, ಬಿಟ್ಟರೆ ಅವುಗಳಲ್ಲಿರುವ ಒಳ್ಳೆಯ ಹೊಸ ಹಾಡುಗಳಿಗೆ ಅನ್ಯಾಯ. ಎಷ್ಟು ಮಂದಿ ಪರೀಕ್ಷೆಗೆ ಕೂತಿದ್ದಾರೆಂದು ಗೊತ್ತಾಗುವ ಮೊದಲೇ ಫಲಿತಾಂಶ ಹೊರಬೀಳುವುದು ಈ ಮನೆಯಲ್ಲಿ ಮಾತ್ರ.

ಮೊದಲ ಸ್ಥಾನದಲ್ಲಿ ತಕರಾರಿಲ್ಲ. 1972ರ ‘ಕ್ಲೋಸ್ ಟು ದಿ ಎಡ್ಜ್’. ಮೂರೇ ಹಾಡು, ಮೊದಲನೆಯದೇ ಹದಿನೆಂಟು ನಿಮಿಷ ಮೀರಿ ಒಂದು ಮಗ್ಗುಲು ಪೂರ್ತಿ ನುಂಗಿದೆ. ಡ್ರಮ್ಮಿನ ಬಿಲ್ ಬ್ರೂಫೋರ್ಡ್ ಇದನ್ನು ಮುಗಿಸಿಕೊಟ್ಟು ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೊರಟುಹೋದ. ಅಂಕಲ್ ಇವತ್ತಿಗೂ ಅವನನ್ನು ಪೂರ್ತಿ ಕ್ಷಮಿಸಿಲ್ಲ, ಪೂರ್ತಿ ಬೈದೂ ಇಲ್ಲ. ಇದನ್ನು ಎರಡನೇ ಸ್ಥಾನಕ್ಕೆ ಹಾಕುವವರೂ ಇದ್ದಾರೆ. ಅವರಿಗೆ ಸಂಗೀತದ ಮೇಲೆ ದ್ವೇಷವೇನಿಲ್ಲ, ನಾಲ್ಕು ಜನ ತಿರುಗಿ ನೋಡಲಿ ಎಂಬ ಆಸೆ ಅಷ್ಟೆ.

ಎರಡನೆಯದು 1974ರ ‘ರಿಲೇಯರ್’. ಇದಕ್ಕೆ ಅಂಕಲ್ ಕೊಡುವ ಕಾರಣಗಳು ಗಂಭೀರ: ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಿಂದ ಹುಟ್ಟಿದ ಇಪ್ಪತ್ತೆರಡು ನಿಮಿಷದ ಹಾಡು, ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಮೊರಾಜ್‌ನ ಕೀಬೋರ್ಡು, ಇತ್ಯಾದಿ. ನಿಜವಾದ ಕಾರಣ ಬೇರೆ ಎಂದು ನನ್ನ ಗುಮಾನಿ. ಅವರ ಕಾಲೇಜು ದಿನಗಳಲ್ಲಿ ಎಲ್‌ಪಿ ಇದ್ದವನು ಊರಿಗೊಬ್ಬ. ಉಳಿದವರೆಲ್ಲ ಖಾಲಿ ಕ್ಯಾಸೆಟ್ ಹಿಡಿದು ಅವನ ಮನೆ ಬಾಗಿಲಲ್ಲಿ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದು ಆಲ್ಬಂ ಸರಿಯಾಗಿ ಕೂರುತ್ತಿತ್ತು. ಅಂಕಲ್ ಕ್ಯಾಸೆಟ್ಟಿನ ಈ ಕಡೆ ಕ್ಲೋಸ್ ಟು ದಿ ಎಡ್ಜ್, ಆ ಕಡೆ ರಿಲೇಯರ್. ತಿರುಗಿಸಿ ಹಾಕಿದ್ದೇ ಹಾಕಿದ್ದು. ಆ ಸ್ನೇಹಿತ ಹಿಂದುಗಡೆ ಬೇರೇನಾದರೂ ತುಂಬಿಕೊಟ್ಟಿದ್ದರೆ ಟಾಲ್‌ಸ್ಟಾಯ್ ಇವತ್ತು ಒಂಬತ್ತರಲ್ಲೋ ಹತ್ತರಲ್ಲೋ ಇರುತ್ತಿದ್ದ. ರೋಜರ್ ಡೀನ್ ಬರೆದ ಆ ತೇಲುವ ಬಂಡೆಗಳ, ವಿಚಿತ್ರ ಲೋಕಗಳ ಮುಖಪುಟಗಳೂ ಆಗ ಅಂಕಲ್ ಪಾಲಿಗಿರಲಿಲ್ಲ. ಕ್ಯಾಸೆಟ್ಟಿನ ಚೀಟಿಯ ಮೇಲೆ ನೀಲಿ ಇಂಕಿನಲ್ಲಿ ಬರೆದ ಹೆಸರೇ ಮುಖಪುಟ.

ಮೂರಕ್ಕೆ ಇಳಿದ ಆಲ್ಬಂ ಆಗಲೇ ಹೇಳಿದ ‘ಫ್ರಜೈಲ್’. ನಾಲ್ಕನೇ ಸ್ಥಾನ ಸೂಕ್ಷ್ಮ ವಿಷಯ. ಅಲ್ಲಿರುವುದು 1973ರ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’. ಎರಡು ಎಲ್‌ಪಿ, ನಾಲ್ಕು ಮಗ್ಗುಲು, ಒಟ್ಟು ನಾಲ್ಕೇ ಹಾಡು. ಇಂಗ್ಲೆಂಡಿನ ವಿಮರ್ಶಕರಲ್ಲಿ ಎಷ್ಟೋ ಮಂದಿ ಇದನ್ನು ಅಹಂಕಾರದ ಪರಾಕಾಷ್ಠೆ ಎಂದು ಬೈದರು. ಅಂಕಲ್ ಮಾತ್ರ ಎದ್ದು ನಿಲ್ಲುತ್ತಾರೆ. ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ಯ ಒಂದು ಅಡಿಟಿಪ್ಪಣಿಯನ್ನು ಜಾನ್ ಆಂಡರ್ಸನ್ ಓದಿದ, ಅದರಲ್ಲಿದ್ದ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ವಿಭಾಗಗಳನ್ನೇ ಮಗ್ಗುಲಿಗೊಂದರಂತೆ ಹಾಡು ಮಾಡಿದ. “ಅಡಿಟಿಪ್ಪಣಿ ಓದಿ ಎಂಬತ್ತು ನಿಮಿಷ ಹಾಡಿದವನು ಇವನೊಬ್ಬನೇ. ನಮ್ಮ ಪಿಎಚ್.ಡಿ. ಮಾಡಿದವರೇ ಓದಲ್ಲ” ಎನ್ನುವುದು ಅವರ ಮೊದಲ ವಾದ. ಎರಡನೆಯದು ನಾಡಾಭಿಮಾನದ್ದು. ಅದೇ ಆತ್ಮಕಥೆಯಲ್ಲಿ 1935ರಲ್ಲಿ ಯೋಗಾನಂದರು ಯುವರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದ ಪ್ರಸಂಗವೂ ಇದೆ. ಆದ್ದರಿಂದ ಆಲ್ಬಂ ಆರರಿಂದ ನಾಲ್ಕಕ್ಕೆ ಬಡ್ತಿ ಪಡೆಯಿತು. ಆಂಡರ್ಸನ್‌ಗೆ ಇದರ ಸುಳಿವೂ ಇರಲಾರದು.

ಈ ಆಲ್ಬಂ ಬಗ್ಗೆ ಮಾತಾಡುವಾಗ ಅದರಲ್ಲಿ ಕೀಬೋರ್ಡ್ ನುಡಿಸಿದ ರಿಕ್ ವೇಕ್‌ಮನ್ ಹೆಸರೆತ್ತಬಾರದು. ಈ ನಾಲ್ಕು ಹಾಡುಗಳ ಪ್ರವಾಸದಲ್ಲಿ ಬೇಸತ್ತಿದ್ದ ಅವನು ಮ್ಯಾಂಚೆಸ್ಟರಿನ ವೇದಿಕೆಯ ಮೇಲೆ, ಕಛೇರಿ ನಡೆಯುತ್ತಿರುವಾಗಲೇ, ಕೀಬೋರ್ಡುಗಳ ಮೇಲೆ ಭಾರತೀಯ ಹೋಟೆಲಿನ ಕೋಳಿ ವಿಂಡಾಲೂ ಹರಡಿಕೊಂಡು ತಿಂದನೆಂದು ತಾನೇ ಹೇಳಿಕೊಂಡಿದ್ದಾನೆ. 1974ರಲ್ಲಿ ತಂಡವನ್ನೂ ಬಿಟ್ಟ. “ಶ್ರುತಿ ಸ್ಮೃತಿ ನುಡಿಸೋ ಜಾಗದಲ್ಲಿ ಕೋಳಿ!” ಎಂದು ಅಂಕಲ್ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾರೆ. ಅವನು ಮರಳಿ ಬಂದು 1977ರ ‘ಗೋಯಿಂಗ್ ಫಾರ್ ದಿ ಒನ್’ಗೆ ಸ್ವಿಟ್ಜರ್ಲೆಂಡಿನ ಚರ್ಚೊಂದರ ಆರ್ಗನ್ ನುಡಿಸಿದ್ದರಿಂದ ಪ್ರಾಯಶ್ಚಿತ್ತವಾಯಿತೆಂದು ಐದನೇ ಸ್ಥಾನ ಮಂಜೂರಾಗಿದೆ.

ಮನೆಯಲ್ಲಿ ಯೆಸ್ ಬಗ್ಗೆ ನಿಖರವಾಗಿ ಬಲ್ಲವರೆಂದರೆ ಆಂಟಿ. ಪಟ್ಟಿಯಲ್ಲಿ ಅವರಿಗೆ ಆಸಕ್ತಿಯಿಲ್ಲ, ಅಡುಗೆಯ ಹೊತ್ತಿನಲ್ಲಿದೆ. ಕ್ಲೋಸ್ ಟು ದಿ ಎಡ್ಜ್ ಹಾಡು ಹಕ್ಕಿಗಳ ಚಿಲಿಪಿಲಿ, ನೀರಿನ ಸದ್ದಿನಿಂದ ಶುರುವಾಗಿ ಅದರಲ್ಲೇ ಮುಗಿಯುತ್ತದೆ. ಮೊದಲ ಹಕ್ಕಿ ಕೂಗಿದಾಗ ಆಂಟಿ ಕುಕ್ಕರ್ ಇಡುತ್ತಾರೆ. ಎರಡನೇ ಸಲ ಹಕ್ಕಿ ಕೂಗಿತೆಂದರೆ “ರೀ, ತಟ್ಟೆ ಹಾಕಿದೀನಿ”. ಈ ಏರ್ಪಾಡು ಕೈಕೊಟ್ಟದ್ದು 1997ರ ‘ಓಪನ್ ಯುವರ್ ಐಸ್’ ದಿನ. ಅದರಲ್ಲಿ ಕೊನೇ ಹಾಡಿನ ನಂತರ ಕೆಲಕಾಲ ನಿಶ್ಶಬ್ದ, ಆಮೇಲೆ ಬಹಳ ಹೊತ್ತು ಕಾಡು ನೀರಿನ ಸದ್ದುಗಳು. ಆಂಟಿ ಬಡಿಸಿ ಕೂತರು, ಹಕ್ಕಿ ನಿಲ್ಲಲಿಲ್ಲ, ಅಂಕಲ್ ಏಳಲಿಲ್ಲ, ಸಾರು ಆರಿತು. ಆ ಆಲ್ಬಂ ಅಂದೇ ಇಪ್ಪತ್ತೆರಡಕ್ಕೆ ಬಿತ್ತು.

ಅಣ್ಣನ ಮಗ ಬಂದಾಗ ಮಾತ್ರ ನಡುಪಟ್ಟಿಯಲ್ಲಿ ಕದನ. ಏಳರಿಂದ ಹದಿನೈದರವರೆಗಿನ ಜಾಗ ಯಾರೂ ಮನಸ್ಸಾರೆ ಪ್ರೀತಿಸದ, ಯಾರೂ ಬಿಟ್ಟುಕೊಡದ ಜಾಗ. ಅಲ್ಲಿ ಆಂಡರ್ಸನ್ ಇಲ್ಲದೆ ಬಂದ 1980ರ ‘ಡ್ರಾಮಾ’ ಇದೆ. ಅದನ್ನು ಮೇಲೆತ್ತಿದರೆ ತಿಳಿದವನೆಂಬ ಹೆಸರು ಬರುತ್ತದೆ. ಕೀಬೋರ್ಡಿನವನೇ ಇಲ್ಲದೆ ವಾದ್ಯವೃಂದ ಕಟ್ಟಿಕೊಂಡು ಮಾಡಿದ 2001ರ ‘ಮ್ಯಾಗ್ನಿಫಿಕೇಷನ್’ ಇದೆ. ಹುಡುಗ ಹೇಳುತ್ತಾನೆ, “ಚಿಕ್ಕಪ್ಪಾ, 90125 ಎರಡಕ್ಕೆ ಬರ್ಬೇಕು. 1984ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಹಾಡು ಅದರದ್ದೇ.”

“ಹೆಸರಿಡೋಕೂ ಪುರುಸೊತ್ತಿಲ್ದೆ ಕಂಪನಿ ಕ್ಯಾಟಲಾಗ್ ನಂಬರ್ ಬರೆದವರು ಕಣೋ! ಹನ್ನೊಂದು. ಅದೂ ದಯೆಯಿಂದ.”

“ನಿಮ್ಮ ಕಾಲು ತಾಳ ಹಾಕೋದು ಅದಕ್ಕೊಂದಕ್ಕೇ” ಎಂದು ಒಳಗಿನಿಂದ ಆಂಟಿ.

ಇನ್ನು ತಳ. ಮೇಲಿನ ಸ್ಥಾನ ಪ್ರೀತಿಗೆ, ಕೆಳಗಿನದು ಪಾಂಡಿತ್ಯಕ್ಕೆ. ಕಟ್ಟಕಡೆಯ ಆಲ್ಬಂ ಆರಿಸುವಾಗ ಅಂಕಲ್ ಕಣ್ಣಲ್ಲಿ ಬರುವ ಹೊಳಪು ಮೊದಲನೆಯದಕ್ಕೆ ಬರುವುದಿಲ್ಲ. ಈ ಗೌರವ ಬಹುಕಾಲದಿಂದ 1991ರ ‘ಯೂನಿಯನ್’ಗೆ. ಹಿನ್ನೆಲೆ ನಮ್ಮ ಅವಿಭಕ್ತ ಕುಟುಂಬಗಳದ್ದೇ: ಮನೆಹೆಸರು ಸ್ಕ್ವೈರ್ ಬಣದ ಕೈಯಲ್ಲಿ, ಹಳಬರಲ್ಲಿ ಮೂವರು ಆಂಡರ್ಸನ್ ಜೊತೆ. ಆ ನಾಲ್ವರು 1989ರಲ್ಲಿ ತಮ್ಮ ಹೆಸರುಗಳನ್ನೇ ಸಾಲಾಗಿ ಬರೆದುಕೊಂಡು ಬೇರೆ ಒಲೆ ಹೂಡಿದರು. ಆಮೇಲೆ ರಾಜಿಯಾಗಿ ಎಂಟು ಜನ ಒಂದೇ ಆಲ್ಬಮ್ಮಿನಲ್ಲಿ. ನುಡಿಸಿದ್ದರಲ್ಲಿ ಎಷ್ಟೋ ಭಾಗ ನಿರ್ಮಾಪಕ ಕರೆಸಿದ ಬಾಡಿಗೆ ಕಲಾವಿದರದ್ದು. ಕೇಳಿದರೆ ಕಣ್ಣೀರು ಬರುತ್ತದೆಂದು ವೇಕ್‌ಮನ್ ಅದನ್ನು ‘ಆನಿಯನ್’ ಎಂದೇ ಕರೆದ. ಅವನ ಒಂದೇ ಒಂದು ಮಾತನ್ನು ಅಂಕಲ್ ಒಪ್ಪುವುದು ಇಲ್ಲಿ.

2015ರಲ್ಲಿ ಸ್ಕ್ವೈರ್ ತೀರಿಕೊಂಡ ಮೇಲೆ ಸ್ಥಾಪಕರಲ್ಲಿ ಒಬ್ಬರೂ ತಂಡದಲ್ಲಿಲ್ಲ. 1970ರಲ್ಲಿ ಸೇರಿದ ಗಿಟಾರಿನ ಸ್ಟೀವ್ ಹೋವ್ ಈಗ ಯಜಮಾನ. 2023ರಲ್ಲಿ ‘ಮಿರರ್ ಟು ದಿ ಸ್ಕೈ’ ಬಂದಾಗ ಅಂಕಲ್ ಅದಕ್ಕೆ ಕೇಳುವ ಮೊದಲೇ ಹದಿನಾರು ಕೊಟ್ಟರು. ಕೇಳಿದ ಮೇಲೆ ಹದಿನಾಲ್ಕಾಯಿತು. ಇಷ್ಟೊಂದು ಶಾಸ್ತ್ರ ಇರುವ ಮನೆಯಲ್ಲಿ ಒಂದು ಅನುಮಾನ ಹುಡುಗನನ್ನು ಕೊರೆಯುತ್ತಿತ್ತು. ಸಿ.ಡಿ. ಕಪಾಟಿನಲ್ಲಿ ಕ್ಲೋಸ್ ಟು ದಿ ಎಡ್ಜ್ ಒಂದಿದೆ, ರಿಲೇಯರ್ ಒಂದಿದೆ, ಕಟ್ಟಕಡೆಯ ಯೂನಿಯನ್ ಮಾತ್ರ ಎರಡಿವೆ.

“ಅಷ್ಟು ಕೆಟ್ಟದಾದ್ರೆ ಎರಡೆರಡು ಯಾಕೆ ಚಿಕ್ಕಪ್ಪಾ?”

“ಅದು ಜಪಾನ್ ಪ್ರತಿ ಕಣೋ” ಎಂದರು ಅಂಕಲ್, ಸಿ.ಡಿ.ಯ ಧೂಳನ್ನು ಪಂಚೆಯ ತುದಿಯಿಂದ ಒರೆಸುತ್ತ. “ಅದರಲ್ಲಿ ಒಂದು ಹಾಡು ಜಾಸ್ತಿ ಇದೆ.”