ಜೇಬಿಗೆ ಎಷ್ಟು ಗಾಳಿ?

ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡರೆ ಬುದ್ಧಿವಂತರು ಕಂಡೂ ಕಾಣದವರ ಹಾಗೆ ಓಡಿಸುತ್ತಾರೆ. ಇನ್ನೂ ಬುದ್ಧಿವಂತರು ನೇರ ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ. ನಾನು ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಓದಿದೆ. ನೀವೂ ಎಂದಾದರೂ ಆ ಪುಸ್ತಕ ಓದುವ ಸಾಹಸ ಮಾಡಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಯೇ ಇಲ್ಲ.

ಕುದುರೆ ಲಾಳದಂಥ ಗೆರೆಯೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಅದು ಟೈರಿನ ಗಾಳಿಯ ದೀಪ. ಸುಮ್ಮನೆ ಉರಿಯುತ್ತಿದ್ದರೆ ಗಾಳಿ ಕಡಿಮೆ ಎಂದರ್ಥ. ಒಂದು ನಿಮಿಷ ಮಿಣಮಿಣ ಎಂದು ಆಮೇಲೆ ನೆಟ್ಟಗೆ ಉರಿದರೆ ಗಾಳಿಗೇನೂ ಆಗಿಲ್ಲ, ಗಾಳಿ ಅಳೆಯುವ ಸೆನ್ಸರಿಗೇ ಕಾಯಿಲೆ. ನನ್ನದು ಮಿಣಮಿಣ. ಪರದೆಯಲ್ಲಿ ಮೂರು ಚಕ್ರಗಳಿಗೆ 33, 33, 33 ಎಂದು ತೋರಿಸಿ, ಹಿಂದಿನ ಎಡಚಕ್ರದ ಜಾಗದಲ್ಲಿ ಎರಡು ಅಡ್ಡಗೆರೆ ಎಳೆದಿತ್ತು. ಈ ಸೆನ್ಸರ್ ಟೈರಿನ ಹೊಟ್ಟೆಯೊಳಗೆ ವಾಲ್ವಿನ ಬುಡದಲ್ಲಿ ಕೂತಿರುತ್ತದೆ. ಹೆಬ್ಬೆರಳಿನಷ್ಟು ಕಪ್ಪು ಡಬ್ಬಿ, ಅಷ್ಟೆ. ಒತ್ತಡವನ್ನೂ ಬಿಸಿಯನ್ನೂ ಅಳೆದು 433 ಮೆಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ ಕಾರಿಗೆ ಸುದ್ದಿ ಕಳಿಸುವುದು ಅದರ ಕೆಲಸ. ಒಳಗಿನ ಸೆಲ್ಲಿಗೆ ರಾಳ ಹುಯ್ದು ಮುಚ್ಚಿರುತ್ತಾರೆ. ಐದು-ಹತ್ತು ವರ್ಷಕ್ಕೆ ಅದು ತೀರಿಕೊಂಡರೆ ಬರೀ ಸೆಲ್ ಬದಲಿಸುವ ಹಾಗಿಲ್ಲ, ಇಡೀ ಸೆನ್ಸರ್ ಹೊಸದು ಹಾಕಬೇಕು.

ಶಿಕಾರಿಪುರದಲ್ಲಿ ಇಷ್ಟು ವರ್ಷ ಹೈಸ್ಕೂಲು ಮಕ್ಕಳಿಗೆ ಒತ್ತಡದ ಪಾಠ ಮಾಡಿದ ಮೇಷ್ಟ್ರು ನಾನು. ನನ್ನ ಕಾರಿನ ಒತ್ತಡವನ್ನು ಬೇರೆಯವರು ನೋಡುವುದೇ? ಸಾಲದ್ದಕ್ಕೆ ಹಿಂದಿನ ವಾರವಷ್ಟೇ ಮಕ್ಕಳನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗಿದ್ದೆ. ಪ್ರಣವೇಶ್ವರ ಗುಡಿಯ ಮುಂದಿರುವ ಐದನೆಯ ಶತಮಾನದ ಕಂಬಶಾಸನವನ್ನು ಕುಬ್ಜನೆಂಬ ಕವಿ ತಾನೇ ರಚಿಸಿ ತಾನೇ ಕಲ್ಲಿನ ಮೇಲೆ ಬರೆದ. ಓದಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಪಡೆಯವನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ಅದರಲ್ಲಿದೆ. ಮಕ್ಕಳಿಗೆ ವಿವರಿಸುತ್ತಾ ವಿವರಿಸುತ್ತಾ ನನಗೇ ಆವೇಶ ಬಂತು. ಸೀಮೆಸುಣ್ಣ ಹಿಡಿಯುವ ಕೈಯಲ್ಲಿ ಸ್ಪ್ಯಾನರ್ ಹಿಡಿದರೆ ಏನಂತೆ? ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ. ನಾನು ಕಟ್ಟಿದ್ದು ಏನೆಂದು ಮುಂದೆ ಹೇಳುತ್ತೇನೆ.

ಆನ್‌ಲೈನಿನಲ್ಲಿ ಸೆನ್ಸರ್ ತರಿಸಿದೆ. ಭಾನುವಾರ ಸೊರಬದಲ್ಲಿ ಬಾಮೈದನ ಹೊಸ ಮನೆಯ ಗೃಹಪ್ರವೇಶ. ಮಾವನವರ ಎದುರು ಮಿಣಮಿಣ ಕಾರು ತಂದು ನಿಲ್ಲಿಸುವುದು ಹೇಗೆ? ಶನಿವಾರ ಪಂಚರ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಬಹಳ ನಾಜೂಕು. ಸೆನ್ಸರಿಗೆ ಪೆಟ್ಟು ಬೀಳದ ಹಾಗೆ ವಾಲ್ವಿನಿಂದ ದೂರದಲ್ಲೇ ಮೆಷಿನ್ ಒತ್ತಿ ಟೈರು ಬಿಡಿಸಿದ. ಅಷ್ಟೂ ಹೊತ್ತು ನಾನು ಪಕ್ಕದಲ್ಲಿ ನಿಂತು, ಅಮೆರಿಕದಲ್ಲಿ ಟೈರು ಕಿತ್ತು ಅಪಘಾತಗಳಾದ ಮೇಲೆ 2000ದಲ್ಲಿ ಇದಕ್ಕೆ ಹೇಗೆ ಕಾನೂನು ಬಂತು, ಗಾಳಿ ತೋರಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದು ನಮ್ಮಲ್ಲಿ 2020ರಲ್ಲಿ ನಿಯಮ ಹೇಗೆ ತಿದ್ದಿದರು ಎಂದೆಲ್ಲ ಪಾಠ ಮಾಡಿದೆ. ಹುಡುಗ ಪಾಪ, ತಲೆಯಾಡಿಸಿದ.

“ನಟ್ಟು ನಾನೇ ಟೈಟ್ ಮಾಡ್ಲಾ ಸಾರ್?”

“ಬೇಡಪ್ಪ, ನನಗೆ ಬಿಡು.”

ವಾಲ್ವಿನ ನಟ್ಟಿಗೆ 8 ನ್ಯೂಟನ್ ಮೀಟರಿಗಿಂತ ಹೆಚ್ಚು ಬಲ ಬೇಡ ಎಂದು ಸೆನ್ಸರಿನ ಡಬ್ಬಿಯ ಚೀಟಿಯಲ್ಲಿ ಬರೆದಿತ್ತು. ಗೇಣುದ್ದದ ಸ್ಪ್ಯಾನರಿನ ತುದಿಗೆ ನಾಲ್ಕು ಕೆಜಿ ತೂಗುಬಿಟ್ಟಷ್ಟು. ಈ ಲೆಕ್ಕವನ್ನು ಅಲ್ಲೇ ಬಾಯಲ್ಲಿ ಮಾಡಿ ಹುಡುಗನಿಗೆ ಹೇಳಿದೆ ಕೂಡ. ಹೇಳಿ, ಸ್ಪ್ಯಾನರಿನ ತುದಿಗೆ ನನ್ನನ್ನೇ ತೂಗುಬಿಟ್ಟೆ. ನನ್ನ ತೂಕ 78 ಕೆಜಿ. ‘ಟಿಕ್’ ಎಂದಿತು. ಅಲ್ಯೂಮಿನಿಯಂ ವಾಲ್ವಿನ ಅರ್ಧ ನನ್ನ ಕೈಯಲ್ಲಿ, ಇನ್ನರ್ಧ ರಿಮ್ಮಿನೊಳಗೆ. ಹುಡುಗ ನಗಲಿಲ್ಲ. ಸದ್ದಿಲ್ಲದೆ ಮಾಮೂಲಿ ರಬ್ಬರ್ ವಾಲ್ವ್ ಹಾಕಿ ಗಾಳಿ ತುಂಬಿ ಕೊಟ್ಟ. ಅವನು ನಕ್ಕುಬಿಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಟೈರಿನಿಂದ ತೆಗೆದ ಹಳೆಯ ಸೆನ್ಸರನ್ನು ಜೇಬಿಗೆ ಹಾಕಿಕೊಂಡು ಕಾರು ಹತ್ತಿದೆ.

ಗೃಹಪ್ರವೇಶಕ್ಕೆ ಬಾಳೆಎಲೆ ತರಲು ಶಿರಾಳಕೊಪ್ಪದ ಕಡೆ ಹೊರಟವನಿಗೆ ಪರದೆ ನೋಡಿ ಎದೆ ಝಲ್ಲೆಂದಿತು. ಹಿಂದಿನ ಎಡಚಕ್ರದ ಅಡ್ಡಗೆರೆ ಹಾಗೇ ಇದೆ. ಇದುವರೆಗೆ ಚೆನ್ನಾಗಿದ್ದ ಮುಂದಿನ ಎಡಚಕ್ರ ಸೊನ್ನೆ ತೋರಿಸುತ್ತಿದೆ! ಇಳಿದು ಒದ್ದು ನೋಡಿದೆ, ಗಟ್ಟಿಯಾಗಿಯೇ ಇತ್ತು. ಆದರೆ ಕಾಲಿಗಿಂತ ಕಂಪ್ಯೂಟರನ್ನು ನಂಬುವ ಕಾಲ ಇದು. ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲೆಲ್ಲ ಗಾಳಿ ಹಾಕಿಸಿದೆ. ಅವರ ಗೇಜು 40 ಎಂದರೆ ನನ್ನ ಪರದೆ ಸೊನ್ನೆ, ಗೇಜು 45 ಎಂದರೂ ಸೊನ್ನೆ. ಶಿರಾಳಕೊಪ್ಪ ಸೇರುವ ಹೊತ್ತಿಗೆ ಕಾರಿನ ಮೂತಿ ಎಡಗಡೆ ಎದ್ದು, ಸಣ್ಣ ಕಲ್ಲು ಸಿಕ್ಕರೂ ನಾನು ಟಾಪಿಗೆ ತಲೆ ಬಡಿಸಿಕೊಳ್ಳುತ್ತಿದ್ದೆ.

ಮೇಷ್ಟ್ರಾದವನಿಗೆ ಈ ಸೀಮೆಯಲ್ಲಿ ಶಿಷ್ಯರಿಲ್ಲದ ಅಂಗಡಿಯೇ ಇಲ್ಲ. ಅಲ್ಲಿ ಟೈರಿನ ಅಂಗಡಿ ಇಟ್ಟವನೂ ನನ್ನ ಶಿಷ್ಯನೇ. ಅವನು ಗಾಳಿ ಇಳಿಸುತ್ತಾ ಕೇಳಿದ, “ಸಾರ್, ಇತ್ತೀಚೆಗೆ ಟೈರು ಹಿಂದೆಮುಂದೆ ಬದಲಾಯಿಸಿದ್ರಾ?”

ಬದಲಾಯಿಸಿದ್ದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮಾಡಬೇಕೆಂದು ಅದೇ ಪುಸ್ತಕ ಓದಿ, ನಾನೇ ಬೆವರು ಸುರಿಸಿ ಮಾಡಿದ ಘನಕಾರ್ಯ ಅದು.

“ಟೈರಿನ ಜೊತೆ ಸೆನ್ಸರೂ ಜಾಗ ಬದಲಾಯಿಸಿತು ಸಾರ್. ಕಾರಿಗೆ ಅದು ಗೊತ್ತಿಲ್ಲ, ಸ್ಕ್ಯಾನರ್ ಹಾಕಿ ಹೇಳಿಕೊಡಬೇಕು. ಸತ್ತಿರೋದು ಈಗ ಮುಂದಿನ ಚಕ್ರದಲ್ಲಿದೆ. ನೀವು ಹಿಂದಿನಿಂದ ತೆಗೆದಿದ್ದು ಚೆನ್ನಾಗಿರೋದನ್ನ. ಎಲ್ಲಿದೆ ಅದು?”

ಜೇಬಿನಿಂದ ತೆಗೆದು ತೋರಿಸಿದೆ.

“ಅದು ಸರಿಯಾಗೇ ಹೇಳ್ತಿದೆ ಸಾರ್, ಅದಿರೋ ಕಡೆ ಗಾಳಿ ಸೊನ್ನೆ ಅಂತ. ಗಾಳಿ ಹಾಕೋದಾದ್ರೆ ನಿಮ್ಮ ಜೇಬಿಗೇ ಹಾಕಬೇಕು. ಎಷ್ಟು ಹಾಕ್ಲಿ?”

ಒಂಬತ್ತನೇ ಕ್ಲಾಸಿನಲ್ಲಿ ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಏನೋ, ಬಡ್ಡಿ ಸಮೇತ ತೀರಿಸಿದ. ಮುಂದಿನ ವಾರ ಶಿವಮೊಗ್ಗದಿಂದ ಸ್ಕ್ಯಾನರ್ ತರಿಸಿ ಎಲ್ಲ ಸರಿ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ದೀಪ ಉರಿದರೆ ಉರಿಯಲಿ, ಗೇಜಿನಲ್ಲಿ ನೋಡಿಕೊಂಡರೆ ಸಾಕು ಎಂದ. ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಜೇಬಿಗೆ ಗಾಳಿ ಹಾಕುವ ಮಾತು ಮಾತ್ರ.

ಅಡಿಕೆ ತೋಟಕ್ಕೆ ಹಾಕಿ ಮಿಕ್ಕಿದ್ದ ಮೂರಿಂಚು ಪಿವಿಸಿ ಪೈಪಿನ ತುಂಡು ಹಿತ್ತಲಲ್ಲಿತ್ತು. ನಾಲ್ಕು ಕೆಜಿ ಪ್ರೆಷರಿನ ಪೈಪು, ಅಂದರೆ ಸುಮಾರು 57 ಪಿಎಸ್‌ಐ ತಡೆಯುತ್ತದೆ. ನನಗೆ ಬೇಕಾದದ್ದು ಬರೀ 33. ಸೆನ್ಸರನ್ನು ಪೈಪಿನೊಳಗೆ ಇಟ್ಟು ಎರಡೂ ತುದಿಗೆ ಕ್ಯಾಪ್ ಅಂಟಿಸಿ, ಒಂದು ಕ್ಯಾಪಿಗೆ ತೂತು ಕೊರೆದು ರಬ್ಬರ್ ವಾಲ್ವ್ ಕೂರಿಸಿದೆ. ಪಿವಿಸಿ ಸಲ್ಯೂಷನ್ ಒಂದು ದಿನ ಒಣಗಬೇಕು ಎನ್ನುತ್ತಾರೆ. ನಾನು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೊಟ್ಟೆ. ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ ಡಿಕ್ಕಿಯಲ್ಲಿಟ್ಟು ನೋಡುತ್ತೇನೆ, ಮುಂದಿನ ಎಡಚಕ್ರ 33! ಕದಂಬ ರಾಜ್ಯದಷ್ಟಲ್ಲದಿದ್ದರೂ ನಾನು ಕಟ್ಟಿದ್ದು ಇದು. ಒಬ್ಬನೇ ನಿಂತು ಚಪ್ಪಾಳೆ ತಟ್ಟಿಕೊಂಡೆ.

ಭಾನುವಾರ ಹೆಂಡತಿ ರೇಷ್ಮೆ ಸೀರೆಯುಟ್ಟು ಮುಂದೆ ಕೂತಳು. ಡಿಕ್ಕಿಯಲ್ಲಿ ಬಾಳೆಎಲೆ, ಅರಿಸಿನ-ಕುಂಕುಮದ ಪೊಟ್ಟಣಗಳು, ಅತ್ತೆ ಮರೆಯದೆ ತನ್ನಿ ಎಂದಿದ್ದ ರಂಗೋಲಿ ಪುಡಿಯ ಚೀಲ, ಅವುಗಳ ಮೇಲೆ ನನ್ನ ಪೈಪು. ಏಪ್ರಿಲ್ ಬಿಸಿಲು ಏರುತ್ತಿದ್ದ ಹಾಗೆ ಪರದೆಯಲ್ಲಿ 33 ಹೋಗಿ 34 ಆಯಿತು, 35 ಆಯಿತು. ಹೆಂಡತಿ ಗಾಬರಿಯಾದಳು. ನಾನು ಹಿಗ್ಗಿದೆ. “ಬಿಸಿಗೆ ಒತ್ತಡ ಏರಬೇಕು, ಅದೇ ಸೆನ್ಸರ್ ಸರಿಯಾಗಿದೆ ಅನ್ನೋದಕ್ಕೆ ಸಾಕ್ಷಿ” ಎಂದು ದಂಡಾವತಿ ದಡದ ಸೊರಬ ಸೇರುವ ತನಕ ಅನಿಲ ನಿಯಮಗಳ ಪಾಠ ಮಾಡಿದೆ. ಮುಚ್ಚಿದ ಡಿಕ್ಕಿಯಲ್ಲಿ ಅರೆ ಒಣಗಿದ ಕ್ಯಾಪೊಂದು ಅದೇ ಪಾಠ ಕೇಳಿಸಿಕೊಂಡು ಅಭ್ಯಾಸ ಮಾಡುತ್ತಿದೆ ಎಂದು ನನಗೇನು ಗೊತ್ತು?

ಹೊಸ ಮನೆಯ ಮುಂದೆ ಚಪ್ಪರ, ಚಪ್ಪರದ ತುಂಬ ನೆಂಟರು. ಎಲ್ಲರಿಗೂ ಕಾಣಲಿ ಎಂದು ಕಾರನ್ನು ಠೀವಿಯಿಂದ ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದೆ.

ಢಂ!

ಕಾರಿನೊಳಗೆ ಏನೂ ಕಾಣಿಸಲಿಲ್ಲ. ಬಿಳಿ ಮೋಡ. ಅದರ ನಡುವೆ ಅರಿಸಿನದ ಎಳೆ, ಕುಂಕುಮದ ಎಳೆ. ಮೋಡ ತಿಳಿಯಾದಾಗ ಮೊದಲು ಕಂಡದ್ದು ಪರದೆ. ಮುಂದಿನ ಎಡಚಕ್ರ ಸೊನ್ನೆ, ಹಳದಿ ದೀಪ, ಟಿಂಗ್ ಟಿಂಗ್ ಎಂಬ ಎಚ್ಚರಿಕೆ. ಒತ್ತಡ ಒಮ್ಮೆಲೇ ಬಿದ್ದರೆ ತಡಮಾಡದೆ ಸುದ್ದಿ ಕಳಿಸಬೇಕೆಂದು ಆ ಸೆನ್ಸರಿಗೆ ಕಲಿಸಿದ್ದಾರೆ. ಕಳಿಸಿತು, ಪುಣ್ಯಾತ್ಮ. ಬಾಮೈದ ಓಡಿ ಬಂದು ಪರದೆ ನೋಡಿ, ಮುಂದಿನ ಎಡಚಕ್ರದ ಹತ್ತಿರ ಬಗ್ಗಿ, “ಭಾವ, ಟೈರು ಸರಿಯಾಗಿದೆಯಲ್ಲ!” ಎಂದು ಆಶ್ಚರ್ಯಪಟ್ಟ. ರೆಪ್ಪೆಯವರೆಗೂ ಬೆಳ್ಳಗಾಗಿದ್ದ ಹೆಂಡತಿ ಏನೂ ಹೇಳಲಿಲ್ಲ. ಹೇಳಲು ಬಾಯಿ ತೆರೆದರೆ ರಂಗೋಲಿ ಒಳಗೆ ಹೋಗುತ್ತಿತ್ತು.

ಒಳಗೆ ಹೋಮಕುಂಡದ ಮುಂದೆ ಕೂತಿದ್ದ ಭಟ್ಟರು ಕೂತಲ್ಲಿಂದಲೇ ಕೂಗಿದರು: “ಯಾರ್ರೀ ಅದು, ಗರ್ನಾಲು ಈಗಲೇ ಹೊಡೆದದ್ದು? ಮುಹೂರ್ತಕ್ಕೆ ಇನ್ನೂ ಕಾಲು ಗಂಟೆ ಇದೆ!”

ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡುತ್ತಿದ್ದ ಮಾವನವರು ನಿಧಾನವಾಗಿ ಒಳಗೆ ತಿರುಗಿ ಹೇಳಿದರು, “ಗರ್ನಾಲಲ್ಲ ಭಟ್ರೆ, ನಮ್ಮ ಅಳಿಯಂದಿರು ಬಂದರು.”