ಜೊಳ್ಳು ಬೆಳೆಯುವ ಸರಿಯಾದ ಕ್ರಮ

ಜೊಳ್ಳು ಬೇಕೆಂದು ನೀರು ನಿಲ್ಲಿಸಬೇಡಿ, ಗೊಬ್ಬರಕ್ಕೆ ಕೈ ಬಿಗಿ ಹಿಡಿಯಬೇಡಿ. ಅದು ಹೆಡ್ಡರ ದಾರಿ, ದಾರಿಹೋಕರಿಗೂ ಗೊತ್ತಾಗುತ್ತದೆ. ಪೈರು ಎದೆಮಟ್ಟ ಬೆಳೆದು ಹಸಿರಾಗಿ ತೂಗಬೇಕು, ಹಿಸುಕಿದರೆ ಒಳಗೇನೂ ಇರಬಾರದು. ಅಂಥದ್ದು ಬೇಕಿದ್ದರೆ ತಳಿ ಆರಿಸುವಾಗಲೇ ಎಚ್ಚರ ವಹಿಸಿ.

ಒಂದು ಕಡೆಯಿಂದ ಇಂಡಿಕಾ ತೆಗೆದುಕೊಳ್ಳಿ. ನಮ್ಮ ಗದ್ದೆಗಳ ಬಹುಪಾಲು ಭತ್ತ ಅದೇ. ಇನ್ನೊಂದು ಕಡೆಯಿಂದ ಜಪಾನಿನ ಜಪೋನಿಕಾ ತರಿಸಿ. ಈ ಬೀಗತನ ಎಲ್ಲಿ ಕಾಳು ಕಟ್ಟೀತೋ ಎಂದು ಹೆದರುವವರಿಗೆ 1928ನ್ನು ನೆನಪಿಸಿ: ಜಪಾನಿನ ಕಾಟೋ ಮತ್ತು ಸಂಗಡಿಗರು ಇವೆರಡರ ಸಂಕರದ ಬಂಜೆತನವನ್ನೇ ಆಧಾರ ಮಾಡಿಕೊಂಡು ಭತ್ತವನ್ನು ಎರಡು ಪಂಗಡವಾಗಿ ಒಡೆದರು.

ಸಂಜೆ ಹೊತ್ತು ಇಂಡಿಕಾದ ಇನ್ನೂ ಅರಳದ ಹೂಗಳ ತುದಿಯನ್ನು ಸಣ್ಣ ಕತ್ತರಿಯಿಂದ ಮೂರರಲ್ಲೊಂದು ಭಾಗ ಕತ್ತರಿಸಿ. ಒಳಗಿನ ಆರು ಪರಾಗಕೋಶಗಳನ್ನು ಚಿಮಟದಿಂದ ಎತ್ತಿ. ಬಟರ್ ಪೇಪರ್ ಚೀಲ ತೊಡಿಸಿ. ಮರುದಿನ ಬೆಳಿಗ್ಗೆ ಜಪೋನಿಕಾ ತೆನೆಯನ್ನು ಮೇಲೆ ಕೊಡವಿ. ಈ ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿ. ಇಲ್ಲೇ ಕೆಟ್ಟರೆ ಸಂಕರವೇ ಹುಟ್ಟದು, ಮುಂದೆ ಕೆಡಿಸಲು ಏನೂ ಉಳಿಯದು.

ಸಂಕರದ ಬೀಜ ಬಿತ್ತಿದ ಮೇಲೆ ಕೈ ಕಟ್ಟಿ ಕುಳಿತುಕೊಳ್ಳಿ. ಉಳಿದದ್ದನ್ನು ಆರನೆಯ ವರ್ಣತಂತುವಿನ ಎಸ್5 ಎಂಬ ತಾಣ ನೋಡಿಕೊಳ್ಳುತ್ತದೆ. ಅಲ್ಲಿ ಅಕ್ಕಪಕ್ಕ ಮೂರು ಜೀನುಗಳಿವೆ. ವುಹಾನಿನ ಹುವಾಝೋಂಗ್ ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಅವುಗಳ ವ್ಯವಹಾರ ಬಯಲು ಮಾಡಿದರು: ಒಂದು ಕೊಲೆಗಾರ, ಒಂದು ಅವನ ಸಹಾಯಕ, ಇನ್ನೊಂದು ಕಾವಲುಗಾರ. ಇಂಡಿಕಾದಲ್ಲಿ ಕೊಲೆಗಾರನೂ ಕಾವಲುಗಾರನೂ ಇದ್ದಾರೆ, ಸಹಾಯಕ ಕೆಲಸಕ್ಕೆ ಬಾರದವ. ಜಪೋನಿಕಾದಲ್ಲಿ ಸಹಾಯಕನೊಬ್ಬನೇ ಗಟ್ಟಿ. ತಂತಮ್ಮ ಮನೆಯಲ್ಲಿದ್ದಾಗ ಯಾರಿಗೂ ತೊಂದರೆಯಿಲ್ಲ. ಸಂಕರ ಗಿಡದಲ್ಲಿ ಕೊಲೆಗಾರನಿಗೆ ಸಹಾಯಕ ಸಿಗುತ್ತಾನೆ, ಇಬ್ಬರೂ ಸೇರಿ ಎಲ್ಲ ಅಂಡಗಳ ಮೇಲೂ ಕೈ ಮಾಡುತ್ತಾರೆ. ಕಾವಲುಗಾರನನ್ನು ಪಡೆದ ಅಂಡ ಬದುಕುತ್ತದೆ, ಜಪೋನಿಕಾ ಪಾಲು ಪಡೆದದ್ದು ಸಾಯುತ್ತದೆ. ಕೊಂದವನ ವಂಶವೇ ಉಳಿಯುವ ಏರ್ಪಾಡು ಇದು. ಚುನಾವಣೆಗೆ ನಿಲ್ಲುವವರು ಗುರುತು ಹಾಕಿಕೊಳ್ಳಿ.

ಎಸ್5 ಒಂದರಿಂದ ಅರ್ಧದಷ್ಟೇ ಜೊಳ್ಳು ಸಿಗುತ್ತದೆ. ಅಷ್ಟಕ್ಕೆ ತೃಪ್ತರಾಗಬೇಡಿ. ಮೊದಲನೆಯ ವರ್ಣತಂತುವಿನ ಎಸ್‌ಎ ತಾಣವು ಪರಾಗವನ್ನೂ ಮುಗಿಸುವಂಥ ಜೋಡಿ ಹುಡುಕಿ. ಪರಾಗವನ್ನು ಅಯೋಡಿನ್ ದ್ರಾವಣದ ಹನಿಯಲ್ಲಿ ಉದುರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಪಿಷ್ಟ ತುಂಬಿದ್ದು ಕಪ್ಪಾಗುತ್ತದೆ, ಕೆಟ್ಟದ್ದು ಹಳದಿಯಾಗಿ ಮುದುಡಿಕೊಂಡಿರುತ್ತದೆ. ಹಳದಿ ಹೆಚ್ಚು ಕಂಡರೆ ನೆಮ್ಮದಿಯಿಂದ ಮನೆಗೆ ಹೋಗಿ.

ಇಂಡೊನೇಷ್ಯಾದ ಕೆತಾನ್ ನಂಗ್ಕಾ ತಳಿಯನ್ನು ಗದ್ದೆಯ ಹತ್ತಿರ ಸುಳಿಯಗೊಡಬೇಡಿ. ಅದರ ಕೊಲೆಗಾರ ಜೀನಿನ ಒಂದು ತುಂಡೇ ಕಳಚಿಹೋಗಿದೆ. ಇಂಡಿಕಾ ಆಗಲಿ ಜಪೋನಿಕಾ ಆಗಲಿ, ಯಾವುದರ ಜೊತೆ ಕೂಡಿದರೂ ಕಾಳು ಕಟ್ಟಿಸಿಬಿಡುತ್ತದೆ. ಜಪಾನಿನ ಇಕೆಹಾಶಿ ಮತ್ತು ಅರಾಕಿ 1980ರ ದಶಕದಲ್ಲಿ ಈ ಗುಣವನ್ನು ಪತ್ತೆಹಚ್ಚಿ ಜೊಳ್ಳಿನ ಭವಿಷ್ಯಕ್ಕೆ ಕಲ್ಲು ಹಾಕಿದರು.

ತಾಳ್ಮೆಯನ್ನಂತೂ ರೂಢಿಸಿಕೊಳ್ಳಲೇಬೇಡಿ. 1950ರ ದಶಕದಲ್ಲಿ ಕಟಕ್‌ನಲ್ಲಿ ಇಂಡಿಕಾ–ಜಪೋನಿಕಾ ಸಂಕರ ಮಾಡಿದವರು ಜೊಳ್ಳಿನ ನಡುವೆಯೇ ಕಾಳು ಹೆಕ್ಕಿದರು, ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋದರು. ಫಲ: ತೈಚುಂಗ್ 65 ಮತ್ತು ಮಯಾಂಗ್ ಎಬೋಸ್ ತಳಿಗಳು ಕೂಡಿದ ಸಂಕರದಿಂದ ಮಲೇಷ್ಯಾದಲ್ಲಿ ಆರಿಸಿದ ಮಸೂರಿ, ಅದರ ವಂಶದಲ್ಲಿ ಸಾಂಬಾ ಮಸೂರಿ. ಈಗ ನೋಡಿ, ಮನೆಮನೆಯಲ್ಲೂ ಅನ್ನ. ನೀವು ಮೊದಲ ತಲೆಮಾರಿಗೇ ನಿಲ್ಲಿಸಿ.

ವರದಿಗೆ ಗಿಡದ ಎತ್ತರ, ತೆಂಡೆ, ತೆನೆಯ ಉದ್ದ ಅಳೆದು ಬರೆಯಿರಿ; ಕಾಳು ಎಣಿಸಬೇಡಿ. ಫೋಟೊವನ್ನು ಹೂ ಬಂದ ವಾರವೇ ತೆಗೆಸಿ. ತಡವಾದರೆ ಪಕ್ಕದ ಗದ್ದೆಯ ತೆನೆ ಬಾಗಿರುತ್ತದೆ, ನಿಮ್ಮದು ನೆಟ್ಟಗೆ ನಿಂತು ಗುಟ್ಟು ಬಿಟ್ಟುಕೊಡುತ್ತದೆ. ತೂರುವ ದಿನ ರಜೆ ಹಾಕಿ. ಆದರೂ ಯಾರಾದರೂ ಇಳುವರಿ ಕೇಳಿದರೆ ಹುಲ್ಲಿನ ಲೆಕ್ಕ ಕೊಡಿ.